ಆಯಿಯ ಕೀಲುನೋವಿಗೆ ಕಡಲಕಳೆಯ ಪುಡಿ ಮತ್ತು ಅರಿಶಿನದ ಕ್ಯಾಪ್ಸೂಲ್: ತಿಳಿದವರು ದಯವಿಟ್ಟು ಹೇಳಿ

ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ನನ್ನ ಆಯಿಗೆ, ಅಂದರೆ ಅಮ್ಮನಿಗೆ, 64 ವರ್ಷ. ಆಕೆ ಹೊನ್ನಾವರದ ಹತ್ತಿರದ ನಮ್ಮ ಮನೆಯಲ್ಲಿದ್ದಾಳೆ, ನಾನು ಬೆಂಗಳೂರಿನಲ್ಲಿದ್ದೇನೆ. ಆರು ವರ್ಷಗಳಿಂದ ಆಕೆಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದ ಮೇಲೆ ಬೆರಳು ಮಡಚಲು ಒಂದು ಗಂಟೆ ಹಿಡಿಯುತ್ತದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ನುಂಗಿದ ಮರುದಿನ ಹೊಟ್ಟೆ ತೊಳಸುತ್ತದೆ, ಗಂಜಿಯೂ ಸೇರುವುದಿಲ್ಲ.

ಹೋದ ತಿಂಗಳು ಸಂಬಂಧಿಕರೊಬ್ಬರು ಎರಡು ವಸ್ತು ತಂದುಕೊಟ್ಟರು. ಒಂದು ಕಡಲಕಳೆಯ ಪುಡಿಯ ಪೊಟ್ಟಣ. ಇನ್ನೊಂದು ಅರಿಶಿನದ ಸಾರಕ್ಕೆ ಕಾಳುಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲಿನ ಡಬ್ಬಿ. ‘ಇವೆರಡೂ ಪ್ರಕೃತಿದತ್ತ, ಉರಿಯೂತವನ್ನು ಬುಡದಿಂದ ಇಳಿಸುತ್ತವೆ, ಇನ್ನು ಇಂಗ್ಲಿಷ್ ಮಾತ್ರೆ ಬೇಡ’ ಎಂದರಂತೆ. ಆಯಿ ಎರಡು ವಾರದಿಂದ ಮೆಥೊಟ್ರೆಕ್ಸೇಟ್ ಬಿಟ್ಟಿದ್ದಾಳೆ. ನಿನ್ನೆ ಫೋನಿನಲ್ಲಿ ಮಾತಿನ ನಡುವೆ ಇದು ಹೊರಬಿತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಆಯಿಗೆ ‘ಅದೆಲ್ಲ ಮೋಸ’ ಎಂದು ಹೇಳಿದರೆ ಕೇಳುವವಳಲ್ಲ. ಕಾರಣ ಹೇಳಿದರೆ ಕೇಳುತ್ತಾಳೆ. ಕಡಲಕಳೆಯಲ್ಲಿ ನಿಜವಾಗಿಯೂ ಉರಿಯೂತ ಇಳಿಸುವ ಗುಣವಿದೆಯೇ? ಅರಿಶಿನವನ್ನು ನಾವು ಹುಟ್ಟಿದಾಗಿನಿಂದ ತಿನ್ನುತ್ತಿದ್ದೇವೆ, ಹಾಗಿರುವಾಗ ಅದರ ಕ್ಯಾಪ್ಸೂಲಿನಿಂದ ಏನು ತೊಂದರೆ? ಬಲ್ಲವರು ಬಿಡಿಸಿ ಹೇಳಿ.

ದಾಸವಾಳ

ನಮ್ಮ ಅತ್ತೆಯವರಿಗೂ ಕಡಲಕಳೆಯ ಪುಡಿ ಕೊಟ್ಟಿದ್ದೆವು. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಕೀಲುನೋವು ಉಳಿದುಕೊಂಡಿತ್ತು. ಮೂರು ತಿಂಗಳಲ್ಲಿ ಎದ್ದು ಓಡಾಡಿದರು. ನಂಬಿಕೆಯಿಟ್ಟು ಕೊಡಿ ಅಕ್ಕಾ, ಗಿಡಮೂಲಿಕೆಯಿಂದ ಕೆಡುಕಾಗುವುದಿಲ್ಲ.

ನಿವೃತ್ತ ಔಷಧಶಾಸ್ತ್ರ, ಮೈಸೂರು

ತಂಗೀ, ಉಳಿದ ಮಾತೆಲ್ಲ ಆಮೇಲೆ. ಆಯಿಯ ವೈದ್ಯರಿಗೆ ಇಂದೇ ಫೋನ್ ಮಾಡಿ, ಎರಡು ವಾರದ ಮಾತ್ರೆ ತಪ್ಪಿದೆ ಎಂದು ತಿಳಿಸಿ, ಮುಂದೇನು ಮಾಡಬೇಕೆಂದು ಕೇಳಿ. ಹೊಟ್ಟೆ ತೊಳಸುವುದನ್ನೂ ಹೇಳಿ. ಅದಕ್ಕೆ ದಾರಿಗಳಿವೆ. ಪ್ರಮಾಣ ಹೊಂದಿಸಬಹುದು, ಮಾತ್ರೆಯ ಬದಲು ಅದೇ ಔಷಧದ ಚುಚ್ಚುಮದ್ದು ಕೊಡಬಹುದು. ಎಷ್ಟೋ ರೋಗಿಗಳು ಇದನ್ನು ಬಾಯಿಬಿಟ್ಟು ಹೇಳದೆ ಔಷಧವನ್ನೇ ಬಿಟ್ಟುಬಿಡುತ್ತಾರೆ.

ಆಯಿಯದು ಸವೆತದ ನೋವಲ್ಲ. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಿದೆ. ಅದು ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತ ಹೋಗುತ್ತದೆ. ನೋವು ತಗ್ಗಿದರೂ ಕೊರೆತ ನಿಂತಿರಬೇಕೆಂದಿಲ್ಲ. ಮೆಥೊಟ್ರೆಕ್ಸೇಟ್ ಕೊಡುವುದು ಕೊರೆತ ತಡೆಯಲು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಕಳೆಯೂ ಯಾವ ಮಾತ್ರೆಯೂ ನೆಟ್ಟಗೆ ಮಾಡುವುದಿಲ್ಲ.

ಇನ್ನು ಕಡಲಕಳೆ. ನಾನು ಮೂವತ್ತೊಂದು ವರ್ಷ ಔಷಧಶಾಸ್ತ್ರ ಪಾಠ ಮಾಡಿದವನು. ಒಂದು ಬೇರಿಗೋ ಸೊಪ್ಪಿಗೋ ಉರಿಯೂತ ಇಳಿಸುವ ಗುಣ ಇದೆಯೇ ಎಂದು ಪರೀಕ್ಷಿಸಬೇಕಾದರೆ ಮೊದಲು ಇಲಿಯ ಪಾದದಲ್ಲಿ ಉರಿಯೂತ ಎಬ್ಬಿಸಬೇಕು. ಅದಕ್ಕೆ ಪ್ರಪಂಚದ ಪ್ರಯೋಗಾಲಯಗಳೆಲ್ಲ ಬಳಸುವ ವಸ್ತು ಕ್ಯಾರಜೀನನ್. ಅದು ಕೆಂಪು ಕಡಲಕಳೆಯಿಂದ ತೆಗೆದ ಅಂಟು! ಶೇಕಡಾ ಒಂದರ ದ್ರಾವಣ ಮಾಡಿ, 0.1 ಮಿಲಿಲೀಟರ್‌ನಷ್ಟನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಮೂರರಿಂದ ಐದು ಗಂಟೆಯೊಳಗೆ ಪಾದ ಕೆಂಪಾಗಿ ಊದಿಕೊಳ್ಳುತ್ತದೆ. ಔಷಧ ಕೊಟ್ಟ ಇಲಿಯ ಪಾದ ಎಷ್ಟು ಕಡಿಮೆ ಊದಿತು ಎಂದು ಅಳೆಯುತ್ತೇವೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದು. ಕೀಲುನೋವಿಗೆ ಕೊಡುವ ಇಂಡೊಮೆಥಾಸಿನ್ ಬೆಳಕಿಗೆ ಬಂದದ್ದೂ ಇಂತಹ ಪರೀಕ್ಷೆಯ ಬಲದಿಂದಲೇ.

ಅದೇ ಕ್ಯಾರಜೀನನ್ ಐಸ್‌ಕ್ರೀಮಿನಲ್ಲಿದೆ, ಹಲ್ಲುಜ್ಜುವ ಪೇಸ್ಟಿನಲ್ಲಿದೆ. ಐಸ್‌ಕ್ರೀಮ್ ತಿಂದವರ ಪಾದ ಊದುವುದಿಲ್ಲ. ಒಂದೇ ವಸ್ತು, ಚರ್ಮದಡಿ ಹೋದರೆ ಒಂದು ಪರಿಣಾಮ, ಬಾಯಿಯಿಂದ ಹೋದರೆ ಇನ್ನೊಂದು. ‘ಕಡಲಕಳೆ ಉರಿಯೂತ ಇಳಿಸುತ್ತದೆಯೇ’ ಎಂದು ಕೇಳಿದರೆ ನಾನು ಮರುಪ್ರಶ್ನೆ ಹಾಕಬೇಕಾಗುತ್ತದೆ: ಯಾವ ಕಳೆ, ಅದರೊಳಗಿನ ಯಾವ ಅಂಶ, ಯಾವ ದಾರಿಯಲ್ಲಿ ಹೋಗಿ ಕೀಲನ್ನು ಮುಟ್ಟಿತು? ಆ ಪೊಟ್ಟಣ ಇದಕ್ಕೆ ಉತ್ತರ ಕೊಡುತ್ತದೆಯೇ ನೋಡಿ.

ದಾಸವಾಳ ಅವರೇ, ನಿಮ್ಮ ಅತ್ತೆಯವರು ಗುಣವಾದದ್ದು ಸಂತೋಷದ ವಿಷಯ. ಆದರೆ ಚಿಕೂನ್‌ಗುನ್ಯಾದ ಕೀಲುನೋವು ಬಹಳ ಜನರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅದು ಹಬ್ಬಿದಾಗ ನಾನು ಕಣ್ಣಾರೆ ಕಂಡಿದ್ದೇನೆ. ಆಗ ಯಾರು ಏನು ಕುಡಿದಿದ್ದರೋ ಅದಕ್ಕೆಲ್ಲ ಕೀರ್ತಿ ಬಂತು. ರುಮಟಾಯ್ಡ್ ಹಾಗೆ ತಾನಾಗಿ ಬಿಟ್ಟುಹೋಗುವ ಕಾಯಿಲೆಯಲ್ಲ.

ಕಾರವಾರದ ಅಲೆ

ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದವಳು. ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ಕುಳಿತು ಕಳೆ ಹೆಕ್ಕಿದ ದಿನಗಳು ಈಗಲೂ ಕಣ್ಣಮುಂದಿವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಕಡಲಕಳೆ’ ಎಂಬುದು ಒಂದು ಗಿಡದ ಹೆಸರಲ್ಲ. ಹಸಿರು, ಕೆಂಪು, ಕಂದು ಎಂಬ ಮೂರು ದೊಡ್ಡ ಬಳಗಗಳಿಗೆ ಸೇರಿದ ಸಾವಿರಾರು ಜಾತಿಗಳಿವೆ. ನಮ್ಮ ಕರಾವಳಿಯ ಬಂಡೆಗಳಲ್ಲೇ ತೆಳು ಹಸಿರು ಹಾಳೆಯಂತಹ ಉಲ್ವಾ, ಬೀಸಣಿಗೆಯಂತಹ ಪಡೀನಾ, ಚಿಕ್ಕ ಗಾಳಿಗುಳ್ಳೆಗಳಿರುವ ಸರ್ಗಾಸಮ್, ಎಳೆಎಳೆಯಾದ ಗ್ರಾಸಿಲೇರಿಯಾ ಸಿಗುತ್ತವೆ. ಗ್ರಾಸಿಲೇರಿಯಾದಂತಹ ಕೆಂಪು ಕಳೆಗಳಿಂದ ತೆಗೆಯುವ ಅಗರ್ ನಮ್ಮ ಅಡುಗೆಮನೆಗೆ ಚೈನಾ ಗ್ರಾಸ್ ಎಂಬ ಹೆಸರಿನಲ್ಲಿ ಬಂದಿದೆ. ಇವೆಲ್ಲವನ್ನೂ ‘ಸಮುದ್ರ ಪಾಚಿ’ ಎಂದು ಬರೆದು ಮಾರುವುದು, ಹರಿವೆಯನ್ನೂ ಒಂದೆಲಗವನ್ನೂ ತುಂಬೆಯನ್ನೂ ಒಟ್ಟಿಗೆ ‘ನೆಲದ ಸೊಪ್ಪು’ ಎಂದು ಮಾರಿದಂತೆ.

ಔಷಧದ ದೃಷ್ಟಿಯಿಂದ ಹೆಚ್ಚು ಅಧ್ಯಯನವಾಗಿರುವುದು ಕಂದು ಕಳೆಯ ಫ್ಯೂಕಾಯ್ಡನ್. 1913ರಲ್ಲಿ ಸ್ವೀಡನ್ನಿನ ಕಿಲಿನ್ ಎಂಬ ವಿಜ್ಞಾನಿ ಅದನ್ನು ಮೊದಲು ಬೇರ್ಪಡಿಸಿದರು. ಕಂದು ಕಳೆಯನ್ನು ಮುಟ್ಟಿದಾಗ ಬೆರಳಿಗೆ ಹತ್ತುವ ಲೋಳೆಯಲ್ಲಿ ಇರುವುದು ಇದೇ. ಗಂಧಕದ ಗುಂಪುಗಳನ್ನು ಹೊತ್ತ ಉದ್ದನೆಯ ಸಕ್ಕರೆಯ ಸರಪಳಿ ಅದು. ಉರಿಯೂತದ ಜಾಗಕ್ಕೆ ಬಿಳಿರಕ್ತಕಣಗಳು ಬರಬೇಕಾದರೆ ಮೊದಲು ರಕ್ತನಾಳದ ಗೋಡೆಗೆ ಅಂಟಿಕೊಂಡು ಉರುಳಬೇಕು. ಆ ಅಂಟಿಗೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳು ಕಾರಣ. ಫ್ಯೂಕಾಯ್ಡನ್ ಹೋಗಿ ಸೆಲೆಕ್ಟಿನ್‌ಗಳಿಗೆ ಕಚ್ಚಿಕೊಂಡರೆ ಕಣಗಳಿಗೆ ಹಿಡಿತ ಸಿಗುವುದಿಲ್ಲ. ಕೇಳಲು ಎಷ್ಟು ಸೊಗಸಾಗಿದೆ! ಗಾಜಿನ ತಟ್ಟೆಯಲ್ಲೂ, ರಕ್ತನಾಳಕ್ಕೆ ಚುಚ್ಚಿದ ಪ್ರಾಣಿಗಳಲ್ಲೂ ಇದು ನಡೆಯುತ್ತದೆ. ಆದರೆ ಬಾಯಿಯಿಂದ ಕೊಟ್ಟರೆ ಅಷ್ಟು ದೊಡ್ಡ ಅಣು ಕರುಳಿನ ಗೋಡೆ ದಾಟುವುದು ಅತ್ಯಲ್ಪ.

ಮನುಷ್ಯರ ಮೇಲೂ ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಮೊಣಕಾಲಿನ ಸವೆತದ ನೋವಿರುವ ಹನ್ನೆರಡು ಜನರಿಗೆ ಫ್ಯೂಕಾಯ್ಡನ್ ಇರುವ ಸಾರ ಕೊಟ್ಟಾಗ ನೋವು ಗಣನೀಯವಾಗಿ ತಗ್ಗಿತು ಎಂದು 2010ರಲ್ಲಿ ವರದಿಯಾಯಿತು. ಆ ಪ್ರಯೋಗದಲ್ಲಿ ಹೋಲಿಕೆಗೆ ಹುಸಿಮಾತ್ರೆಯ, ಅಂದರೆ ಔಷಧವಿಲ್ಲದ ಮಾತ್ರೆಯ, ಗುಂಪು ಇರಲಿಲ್ಲ. ಅದೇ ತಂಡ 122 ಜನರನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ತಿಳಿಯದಂತೆ ಹನ್ನೆರಡು ವಾರ ನಡೆಸಿತು. 2016ರಲ್ಲಿ ಬಂದ ಫಲಿತಾಂಶ: ಎರಡು ಗುಂಪಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ತಮ್ಮದೇ ಮೊದಲ ಫಲಿತಾಂಶ ನಿಲ್ಲಲಿಲ್ಲ ಎಂದು ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಮಾರುವವರು ಇಂದಿಗೂ ತೋರಿಸುವುದು ಮೊದಲಿನ ಪ್ರಯೋಗವನ್ನೇ.

ನಮ್ಮ ದೇಶದಲ್ಲೂ ಕೆಲಸ ನಡೆದಿದೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕಡಲಕಳೆಯಿಂದ ಕೀಲುನೋವಿಗಾಗಿ ‘ಕಡಲ್ಮೀನ್’ ಎಂಬ ಹೆಸರಿನಲ್ಲಿ ಒಂದು ಸಾರವನ್ನು ರೂಪಿಸಿದೆ. ಯಾವ ಕಳೆಯಿಂದ ಏನನ್ನು ತೆಗೆದಿದ್ದೇವೆ ಎಂದು ಲೆಕ್ಕ ಇಟ್ಟು ಮಾಡುವ ಇಂತಹ ಕೆಲಸಕ್ಕೂ, ಬಂಡೆಯಿಂದ ಕೆರೆದು ಒಣಗಿಸಿ ಬೀಸಿದ ಪುಡಿಗೂ ಅಜಗಜಾಂತರ. ಹೀಗಿದ್ದರೂ ಅದು ಪೂರಕ ಆಹಾರ. ಮೆಥೊಟ್ರೆಕ್ಸೇಟಿನ ಸ್ಥಾನದಲ್ಲಿ ಕೂರಿಸುವಂಥದ್ದಲ್ಲ.

ಒಸಾಕಾ ಕನ್ನಡಿಗ

ಹದಿಮೂರು ವರ್ಷದಿಂದ ಜಪಾನಿನಲ್ಲಿದ್ದೇನೆ, ಊರು ಕುಂದಾಪುರ. ಕಡಲಕಳೆ ಇಲ್ಲಿ ನಿತ್ಯದ ಊಟ. ಅನ್ನ ಸುತ್ತುವ ನೋರಿ, ಮಿಸೊ ಸಾರಿಗೆ ಹಾಕುವ ವಕಾಮೆ, ಸಾರಿನ ತಿಳಿಗೆ ಕೊಂಬು ಎಂಬ ಕಳೆ. ಒಕಿನಾವದವರು ಮೊಝುಕು ಎಂಬ ಲೋಳೆಲೋಳೆಯಾದ ಕಂದು ಕಳೆಯನ್ನು ವಿನೆಗರ್ ಹಾಕಿ ತಿನ್ನುತ್ತಾರೆ, ಅದರಲ್ಲಿ ಮೇಲೆ ಹೇಳಿದ ಫ್ಯೂಕಾಯ್ಡನ್ ಧಾರಾಳವಾಗಿದೆ.

ಬೆರಗಾಗುವ ಒಂದು ಸಂಗತಿ ಹೇಳುತ್ತೇನೆ. ಕಡಲಿನ ಬ್ಯಾಕ್ಟೀರಿಯಾ ಒಂದಕ್ಕೆ ನೋರಿಯಲ್ಲಿರುವ ವಿಶೇಷ ಸಕ್ಕರೆಯನ್ನು ಒಡೆಯುವ ಕಿಣ್ವವಿದೆ. ಆ ಕಿಣ್ವದ ಜೀನ್ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಗಳಿಗೂ ದಾಟಿದೆ ಎಂದು 2010ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಹೋಲಿಕೆಗೆ ತೆಗೆದುಕೊಂಡ ಉತ್ತರ ಅಮೆರಿಕದವರ ಕರುಳಿನಲ್ಲಿ ಅದು ಸಿಗಲಿಲ್ಲ. ತಲೆಮಾರುಗಳ ಊಟ ಕರುಳನ್ನೇ ಬದಲಿಸಿದೆ. ಹಾಗಾಗಿ ‘ಜಪಾನೀಯರು ತಿನ್ನುತ್ತಾರೆ, ನಮಗೂ ಒಳ್ಳೆಯದು’ ಎಂಬ ಮಾತು ಅಷ್ಟು ಸಲೀಸಲ್ಲ.

ಶರಾವತಿ ತೀರ ಅವರೇ, ಪೊಟ್ಟಣದ ಮೇಲೆ ಅಯೊಡಿನ್ ಪ್ರಮಾಣ ಬರೆದಿದೆಯೇ ಎಂದು ದಯವಿಟ್ಟು ನೋಡಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೊಡಿನ್ ಸಾಕು. ಒಣಗಿದ ಕೊಂಬುವಿನ ಒಂದೇ ಗ್ರಾಮಿನಲ್ಲಿ ಸಾವಿರ ಮೈಕ್ರೋಗ್ರಾಂ ದಾಟುವುದು ಸಾಮಾನ್ಯ. ಆಯಿಗೆ ಥೈರಾಯ್ಡ್ ತೊಂದರೆ ಇದ್ದರೆ ಆ ಪುಡಿಯ ಒಂದು ಚಮಚ ಎಲ್ಲವನ್ನೂ ಏರುಪೇರು ಮಾಡಬಹುದು. ಇನ್ನೊಂದು, ಹಿಜಿಕಿ ಎಂಬ ಕಳೆಯಲ್ಲಿ ವಿಷಕಾರಿ ರೂಪದ ಆರ್ಸೆನಿಕ್ ಇರುವುದರಿಂದ ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆ 2004ರಲ್ಲೇ ಹೇಳಿದೆ. ಕಡಲಕಳೆ ನೀರಿನಲ್ಲಿ ಇರುವುದನ್ನೆಲ್ಲ ಹೀರುತ್ತದೆ. ಯಾವ ನೀರಿನಲ್ಲಿ ಬೆಳೆದದ್ದು ಎಂದು ತಿಳಿಯದೆ ನಾನಂತೂ ನನ್ನ ಅಮ್ಮನಿಗೆ ಕೊಡಲಾರೆ.

ಶರಾವತಿ ತೀರ

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರಿಗೆ ಫೋನ್ ಮಾಡಿದೆ. ಶುಕ್ರವಾರ ಬರಲು ಹೇಳಿದ್ದಾರೆ, ರಕ್ತಪರೀಕ್ಷೆ ಮಾಡಿಸಿಕೊಂಡೇ ಬರಬೇಕಂತೆ.

ತಮ್ಮನಿಂದ ಪೊಟ್ಟಣದ ಚಿತ್ರ ತರಿಸಿಕೊಂಡೆ. ‘ಶುದ್ಧ ಸಮುದ್ರ ಪಾಚಿ’ ಎಂದಷ್ಟೇ ಇದೆ. ಯಾವ ಜಾತಿಯದು ಎಂದಿಲ್ಲ, ಅಯೊಡಿನ್ ಎಷ್ಟು ಎಂದಿಲ್ಲ. ಮುಂಭಾಗದಲ್ಲಿ ಮೊಣಕಾಲಿನ ದೊಡ್ಡ ಚಿತ್ರವಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ‘ಔಷಧೀಯ ಬಳಕೆಗಾಗಿ ಅಲ್ಲ’ ಎಂದಿದೆ! ಆಯಿಗೆ ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆಯೂ ಇದೆ. ಒಸಾಕಾದ ಅಣ್ಣ ಕೇಳದಿದ್ದರೆ ಆ ಕಡೆ ನನ್ನ ಗಮನವೇ ಹೋಗುತ್ತಿರಲಿಲ್ಲ.

ಪುಡಿಯ ವಿಷಯ ನನಗೆ ಸ್ಪಷ್ಟವಾಯಿತು. ಆದರೆ ಅರಿಶಿನ? ಅಲ್ಲಿ ಆಯಿ ಗಟ್ಟಿಯಾಗಿ ನಿಂತಿದ್ದಾಳೆ. ‘ಬಾಣಂತಿಗೆ ಕೊಡುವ ವಸ್ತು, ಮದುಮಗಳಿಗೆ ಹಚ್ಚುವ ವಸ್ತು, ಅದು ನನ್ನನ್ನು ಕೊಲ್ಲುತ್ತದೆಯೇ’ ಎಂದು ಕೇಳುತ್ತಾಳೆ.

ದಾಸವಾಳ

ಆಯಿ ಕೇಳುವುದರಲ್ಲಿ ತಪ್ಪೇನಿದೆ? ಅರಿಶಿನದ ಮೇಲೆ ಅಮೆರಿಕದವರು ಹಕ್ಕುಸ್ವಾಮ್ಯ ಪಡೆಯಲು ಬಂದಿದ್ದರು. ಗುಣವಿಲ್ಲದಿದ್ದರೆ ಬರುತ್ತಿದ್ದರೇ?

ನಿವೃತ್ತ ಔಷಧಶಾಸ್ತ್ರ, ಮೈಸೂರು

ಆ ಪ್ರಕರಣ ನನಗೆ ಚೆನ್ನಾಗಿ ನೆನಪಿದೆ. ಅರಿಶಿನದಿಂದ ಗಾಯ ಮಾಯುವುದನ್ನು ಹೊಸ ಆವಿಷ್ಕಾರವೆಂದು ತೋರಿಸಿ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಲಾಗಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ದಾಖಲೆ ಮುಂದಿಟ್ಟು ಹೋರಾಡಿತು, 1997ರಲ್ಲಿ ಅದು ರದ್ದಾಯಿತು. ಆ ದಿನ ನಮ್ಮ ವಿಭಾಗದಲ್ಲಿ ಸಿಹಿ ಹಂಚಿದ್ದೆವು. ಆದರೆ ಅಲ್ಲಿ ತೀರ್ಮಾನವಾದದ್ದು ‘ಇದು ಹೊಸದಲ್ಲ’ ಎಂಬುದು ಮಾತ್ರ. ಆಯಿಯ ಬೆರಳಿನ ಉರಿಯೂತಕ್ಕೆ ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಹಾಕಿದರೆ ಉರಿಯೂತದ ಬಹುತೇಕ ಸಂಕೇತಗಳನ್ನು ಅದು ತಡೆಯುತ್ತದೆ. ನುಂಗಿದರೆ ಕರುಳಿನಲ್ಲಿ ಹೀರಿಕೆಯಾಗುವುದು ತೀರಾ ಕಡಿಮೆ, ಹೀರಿಕೆಯಾದದ್ದನ್ನು ಕರುಳು ಮತ್ತು ಯಕೃತ್ತು ಕೂಡಲೇ ಬದಲಿಸಿ ಹೊರದೂಡುತ್ತವೆ. ಇದನ್ನು ತೋರಿಸಿದ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, 1998ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದರೆ ಅದು ಪತ್ತೆಯಾಗದಷ್ಟು ಅಥವಾ ಅತ್ಯಲ್ಪ ಇತ್ತು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಶೇಕಡಾ 2000ದಷ್ಟು ಏರಿತು. ಇಂದು ಪ್ರತಿ ಡಬ್ಬಿಯ ಮೇಲೆ ಕಾಣುವ ‘ಇಪ್ಪತ್ತು ಪಟ್ಟು’ ಎಂಬ ಘೋಷಣೆಯ ಮೂಲ ಅದೇ. ಅತ್ಯಲ್ಪದ ಇಪ್ಪತ್ತು ಪಟ್ಟು ಎಂದರೆ ಎಷ್ಟು ಎಂಬುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ.

ಪೈಪರಿನ್ ಇದನ್ನು ಮಾಡುವ ಬಗೆಯೇ ನನ್ನ ಚಿಂತೆ. ಹೊರಗಿನ ವಸ್ತುವನ್ನು ಕಳಚಿ ಹೊರಹಾಕುವ ದೇಹದ ಯಂತ್ರವನ್ನು ಅದು ನಿಧಾನಿಸುತ್ತದೆ. ಆ ಯಂತ್ರ ಅರಿಶಿನಕ್ಕೆ ಮಾತ್ರ ಮೀಸಲಾದದ್ದಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಇವುಗಳ ಮಟ್ಟವೂ ಪೈಪರಿನ್‌ನಿಂದ ರಕ್ತದಲ್ಲಿ ಏರುವುದು ದಾಖಲಾಗಿದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತನ್ನು ಮೊದಲೇ ಆಗಾಗ ಪರೀಕ್ಷಿಸುತ್ತಿರುತ್ತೇವೆ. ಅದರ ಮೇಲೆ ಇನ್ನೊಂದು ಹೊರೆ ಏಕೆ?

ಗುಂಡ್ಲುಪೇಟೆ ರೈತ

ಮೇಷ್ಟ್ರೇ, ನಾವು ಮೂರು ತಲೆಮಾರಿನಿಂದ ಅರಿಶಿನ ಬೆಳೆಯುವವರು. ನೀವು ಹೇಳಿದ್ದಕ್ಕೆ ಹೊಲದ ಲೆಕ್ಕ ಸೇರಿಸುತ್ತೇನೆ.

ಮೇ-ಜೂನಿನಲ್ಲಿ ಗೆಡ್ಡೆ ಊರಿದರೆ ಸಂಕ್ರಾಂತಿ ಕಳೆದ ಮೇಲೆ ಕೀಳುತ್ತೇವೆ. ಬೇಯಿಸಿ, ಬಿಸಿಲಿಗೆ ಹರಡಿ, ಒಣಗಿದ ಮೇಲೆ ಡ್ರಮ್ಮಿನಲ್ಲಿ ಉರುಳಿಸಿ ಪಾಲಿಶ್ ಮಾಡಿ ಈರೋಡಿನ ಮಾರುಕಟ್ಟೆಗೆ ಒಯ್ಯುತ್ತೇವೆ. ಮೊದಲು ವ್ಯಾಪಾರಿಗಳು ಅರಿಶಿನದ ಕೊಂಬು ಮುರಿದು ಒಳಬಣ್ಣ ನೋಡಿ ಬೆಲೆ ಕಟ್ಟುತ್ತಿದ್ದರು. ಈಗ ಸಾರ ತೆಗೆಯುವ ಕಾರ್ಖಾನೆಯವರು ಕರ್ಕ್ಯುಮಿನ್ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ನಮ್ಮ ಕಡೆಯದರಲ್ಲಿ ಸುಮಾರು ಮೂರು. ಮೇಘಾಲಯದ ಲಕಡಾಂಗ್ ತಳಿಯಲ್ಲಿ ಏಳರ ಆಸುಪಾಸು.

ಮೂರೇ ಎಂದು ಇಟ್ಟುಕೊಳ್ಳಿ. ಒಂದು ಚಹಾ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ, ಅದರಲ್ಲಿ 90 ಮಿಲಿಗ್ರಾಂ ಕರ್ಕ್ಯುಮಿನ್. ನಮ್ಮ ಮನೆಯಲ್ಲಿ ಐದು ಜನರ ಸಾರಿಗೆ ಹಾಕುವುದೇ ಕಾಲು ಚಮಚ. ಒಬ್ಬೊಬ್ಬರ ಪಾಲಿಗೆ ನಾಲ್ಕೈದು ಮಿಲಿಗ್ರಾಂ ಬಂದೀತು. ಡಬ್ಬಿಯ ಮೇಲೆ ದಿನಕ್ಕೆ ಎರಡು ಕ್ಯಾಪ್ಸೂಲ್, ಒಂದೊಂದರಲ್ಲಿ 500 ಮಿಲಿಗ್ರಾಂ ಎಂದು ಬರೆದಿದ್ದರೆ ಅದು 33 ಗ್ರಾಂ ಅರಿಶಿನದ ಸತ್ವ, ಅಂದರೆ ಹನ್ನೊಂದು ಚಮಚ. ತಾಯಿ, ನಿಮ್ಮ ಆಯಿಯವರಿಗೆ ಇದನ್ನೇ ಹೇಳಿ. ಹನ್ನೊಂದು ಚಮಚ ಅರಿಶಿನವನ್ನು ಯಾವ ಬಾಣಂತಿಗೂ ಯಾರೂ ಕೊಟ್ಟಿಲ್ಲ. ಬೆಳೆಗಾರನಾಗಿ ನಾನು ಈ ಮಾತು ಹೇಳಿದರೆ ನನಗೇ ನಷ್ಟ ಎನ್ನುವವರಿದ್ದಾರೆ, ಆದರೂ ಹೇಳುತ್ತೇನೆ.

ಮತ್ತೊಂದು ಮಾತು. ಅಂಗಡಿಯ ಬಿಡಿ ಪುಡಿ ಕೊಳ್ಳಬೇಡಿ. ಗೆಡ್ಡೆಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬಳಿಯುವ ದುಷ್ಟ ಪದ್ಧತಿ ಕೆಲವೆಡೆ ಇದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಂಡ ಹಾಕಿ, ಪ್ರಚಾರ ಮಾಡಿ 2021ರ ಹೊತ್ತಿಗೆ ಅದನ್ನು ಸೊನ್ನೆಗೆ ತಂದಿತು. ಮನಸ್ಸು ಮಾಡಿದರೆ ಆಗುತ್ತದೆ. ಅರಿಶಿನದ ಕೊಂಬು ಕೊಂಡು, ತೊಳೆದು ಒಣಗಿಸಿ ಗಿರಣಿಯಲ್ಲಿ ಬೀಸಿಸಿ.

ಧಾರವಾಡದ ಮಗ

ಇಲ್ಲಿ ಬರೆಯಲು ಮೂರು ದಿನದಿಂದ ಯೋಚಿಸುತ್ತಿದ್ದೆ. ಅಪ್ಪನಿಗೆ ಆದದ್ದನ್ನು ಹೇಳಲೇಬೇಕು.

ಮೊಣಕಾಲು ನೋವಿಗೆಂದು ಅಪ್ಪ ಇಂತಹದೇ ಅರಿಶಿನ ಮತ್ತು ಮೆಣಸಿನ ಸಾರದ ಕ್ಯಾಪ್ಸೂಲನ್ನು ಮೂರು ತಿಂಗಳು ತೆಗೆದುಕೊಂಡರು. ನೋವು ಸ್ವಲ್ಪ ಕಡಿಮೆಯಾಗಿತ್ತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆಮೇಲೆ ಊಟ ಬೇಡವೆನಿಸತೊಡಗಿತು, ಮೈ ತುರಿಸತೊಡಗಿತು, ಮೂತ್ರ ಗಾಢ ಹಳದಿಯಾಯಿತು. ಅರಿಶಿನದ ಬಣ್ಣವೇ ಇರಬೇಕೆಂದು ಮನೆಯವರೆಲ್ಲ ಸುಮ್ಮನಿದ್ದೆವು. ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಓಡಿದೆವು. ಕಾಮಾಲೆ. ಯಕೃತ್ತಿನ ಕಿಣ್ವಗಳು ವಿಪರೀತ ಏರಿದ್ದವು. ವೈದ್ಯರು ‘ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಎರಡು ಸಲ ಕೇಳಿದರು. ಅಪ್ಪ ಎರಡೂ ಸಲ ಇಲ್ಲ ಎಂದರು. ಅವರ ಮನಸ್ಸಿನಲ್ಲಿ ಅರಿಶಿನ ಔಷಧವಾಗಿರಲಿಲ್ಲ. ನಾಲ್ಕನೆಯ ದಿನ ಅವ್ವ ಚೀಲದಿಂದ ಡಬ್ಬಿ ತೆಗೆದು ತೋರಿಸಿದಾಗ ವೈದ್ಯರು ಅದನ್ನು ನಿಲ್ಲಿಸಿದರು. ಸಂಪೂರ್ಣ ಸರಿಯಾಗಲು ಎರಡು ತಿಂಗಳು ಬೇಕಾಯಿತು.

ಆಮೇಲೆ ನಾನು ಓದಿ ತಿಳಿದದ್ದು: ಇಟಲಿಯಲ್ಲಿ ಇಂತಹ ಪ್ರಕರಣಗಳು ಒಂದರ ಮೇಲೊಂದು ಬಂದು 2019ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಡಬ್ಬಿಗಳ ಮೇಲೆ ಎಚ್ಚರಿಕೆ ಬರೆಯಿಸಿತು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯೂ ಎಚ್ಚರಿಸಿತು. ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಅಪರೂಪ. ಒಂದು ನಿರ್ದಿಷ್ಟ ಆನುವಂಶಿಕ ಗುರುತು ಇರುವವರಲ್ಲಿ ಸಾಧ್ಯತೆ ಹೆಚ್ಚು ಎಂದು ಅಮೆರಿಕದಲ್ಲಿ ಕಂಡುಕೊಂಡಿದ್ದಾರೆ. ಆದರೆ ಆ ಗುರುತು ತಮಗಿದೆಯೇ ಎಂದು ಯಾರು ನೋಡಿಕೊಂಡು ಕ್ಯಾಪ್ಸೂಲ್ ನುಂಗುತ್ತಾರೆ?

ಶಿರಸಿಯ ವೈದ್ಯೆ

ನಾನು ಆಯುರ್ವೇದ ವೈದ್ಯೆ. ಧಾರವಾಡದ ಸಹೋದರರ ಬರಹ ಓದಿ ಮನಸ್ಸು ಭಾರವಾಯಿತು. ಅಪ್ಪನವರು ಚೇತರಿಸಿಕೊಂಡದ್ದು ದೊಡ್ಡದು.

ಈ ಕ್ಯಾಪ್ಸೂಲನ್ನು ‘ಆಯುರ್ವೇದ’ ಎಂದು ಕರೆಯುವುದಕ್ಕೆ ನನ್ನ ಆಕ್ಷೇಪವಿದೆ. ಒಂದು ಗೆಡ್ಡೆಯಿಂದ ಒಂದೇ ಅಂಶವನ್ನು ಶೇಕಡಾ 95ರಷ್ಟು ಶುದ್ಧವಾಗಿ ತೆಗೆದು, ರೋಗಿಯನ್ನು ನೋಡದೆ ದಿನವೂ ಕೊಡುವುದು ನಾನು ಕಲಿತ ಶಾಸ್ತ್ರವಲ್ಲ. ಅದು ಆಧುನಿಕ ಔಷಧ ತಯಾರಿಕೆಯ ವಿಧಾನ. ಹಾಗಿದ್ದ ಮೇಲೆ ಆಧುನಿಕ ಔಷಧಕ್ಕೆ ಇರಬೇಕಾದ ಎಚ್ಚರವೂ ಇರಬೇಕು. ಇನ್ನು ಕಡಲಕಳೆ: ನಾನು ಓದಿದ ಸಂಹಿತೆಗಳಲ್ಲಿ ಕೀಲುನೋವಿಗೆ ಅದರ ಪ್ರಯೋಗ ನನಗೆ ಎಲ್ಲಿಯೂ ಸಿಕ್ಕಿಲ್ಲ. ಅದಕ್ಕೆ ‘ಪ್ರಾಚೀನ’ ಎಂಬ ಹೆಸರು ಅಂಟಿಸುವುದು ತಪ್ಪು.

ಆದರೆ ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಮನುಷ್ಯರಲ್ಲಿ ಅರಿಶಿನದ ಸಾರ ಏನೂ ಮಾಡಿಲ್ಲ ಎಂಬ ಅರ್ಥ ನಿಮ್ಮ ಬರಹದಿಂದ ಬರುತ್ತದೆ. ಥಾಯ್ಲೆಂಡಿನಲ್ಲಿ ಮೊಣಕಾಲು ಸವೆತದ 367 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ 1200 ಮಿಲಿಗ್ರಾಂ ಐಬುಪ್ರೊಫೆನ್‌ಗೆ ಸಾಟಿಯಾಗಿ ನಿಂತಿತು, ಹೊಟ್ಟೆನೋವು ಕಡಿಮೆ ಇತ್ತು. ಇದನ್ನು ಮರೆಮಾಚಬಾರದು.

ನಿವೃತ್ತ ಔಷಧಶಾಸ್ತ್ರ, ಮೈಸೂರು

ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ ಅಮ್ಮಾ. ಅದು ನಾಲ್ಕು ವಾರದ ಪ್ರಯೋಗ, ಹುಸಿಮಾತ್ರೆಯ ಗುಂಪು ಇರಲಿಲ್ಲ, ಆದರೂ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಫಲಿತಾಂಶ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇನೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮೊಣಕಾಲಿನಲ್ಲಿ ನೀರು ತುಂಬಿ ಊದಿಕೊಂಡಿದ್ದ 70 ಜನರಿಗೆ ಹನ್ನೆರಡು ವಾರ ಅರಿಶಿನದ ಸಾರ ಅಥವಾ ಹುಸಿಮಾತ್ರೆ ಕೊಟ್ಟರು, 2020ರಲ್ಲಿ ಪ್ರಕಟವಾಯಿತು. ಅರಿಶಿನದವರ ನೋವು ಹೆಚ್ಚು ತಗ್ಗಿತು. ಎಂಆರ್‌ಐ ಚಿತ್ರದಲ್ಲಿ ನೋಡಿದರೆ ಕೀಲಿನೊಳಗಿನ ಊತದಲ್ಲಿ ವ್ಯತ್ಯಾಸ ಕಾಣಲಿಲ್ಲ.

ತಂಗೀ, ನಿಮ್ಮ ಆಯಿಯ ಮಟ್ಟಿಗೆ ನನ್ನ ಭಯ ಇಲ್ಲಿಯೇ ಇದೆ. ಈ ಎರಡೂ ಪ್ರಯೋಗ ಸವೆತದ ಮೊಣಕಾಲಿನವು. ಅಲ್ಲಿ ನೋವು ಕಡಿಮೆಯಾದರೆ ಲಾಭವೇ. ರುಮಟಾಯ್ಡ್‌ನಲ್ಲಿ ನೋವು ಮಾತ್ರ ಕಡಿಮೆಯಾಗಿ ಒಳಗಿನ ಊತ ಹಾಗೆಯೇ ಉಳಿದರೆ ಆಯಿಗೆ ‘ಗುಣವಾಯಿತು’ ಎನಿಸುತ್ತದೆ, ಎಲುಬು ಮಾತ್ರ ಕೊರೆಯುತ್ತಲೇ ಇರುತ್ತದೆ.

ಕಾರವಾರದ ಅಲೆ

ಹಾಗಾದರೆ ಗಿಡಗಳಲ್ಲಿ ನಿಜವಾಗಿ ಬಲವಾದ ಉರಿಯೂತ ನಿವಾರಕ ಯಾವುದೂ ಇಲ್ಲವೇ ಮೇಷ್ಟ್ರೇ?

ನಿವೃತ್ತ ಔಷಧಶಾಸ್ತ್ರ, ಮೈಸೂರು

ಇದೆ, ನಿಮ್ಮ ಬೇಲಿಯ ಮೇಲೆಯೇ ಇರಬಹುದು. ಗೌರಿ ಹಬ್ಬದ ಸುಮಾರಿಗೆ ಅರಳುವ, ಬೆಂಕಿಯ ನಾಲಗೆಯಂತಹ ಕೆಂಪು-ಹಳದಿ ಎಸಳಿನ ಅಗ್ನಿಶಿಖೆ. ನಮ್ಮಲ್ಲಿ ಗೌರಿ ಹೂ ಎನ್ನುತ್ತಾರೆ. ಅದರ ಬೀಜದಲ್ಲೂ ಗೆಡ್ಡೆಯಲ್ಲೂ ಕಾಲ್ಚಿಸಿನ್ ಇದೆ. ಯುರೋಪಿನ ಇನ್ನೊಂದು ಗಿಡದಿಂದ 1820ರಲ್ಲಿ ಅದನ್ನು ಬೇರ್ಪಡಿಸಿದರು. ಹೆಬ್ಬೆರಳು ಕೆಂಡದಂತೆ ಉರಿಯುವ ಗೌಟ್ ಕಾಯಿಲೆಗೆ ಇಂದಿಗೂ ಕೊಡುತ್ತೇವೆ. ಬಿಳಿರಕ್ತಕಣ ಚಲಿಸಲು ಬೇಕಾದ ಒಳಗಿನ ಎಳೆಗಳನ್ನೇ ಅದು ಕಟ್ಟಗೊಡುವುದಿಲ್ಲ. ಹೃದಯದ ರಕ್ತನಾಳಗಳ ಕಾಯಿಲೆಯಿರುವವರಲ್ಲಿ ಹೃದಯಾಘಾತದಂತಹ ಅಪಾಯ ತಗ್ಗಿಸಲು ಅದರ ಅರ್ಧ ಮಿಲಿಗ್ರಾಂ ಮಾತ್ರೆಗೆ 2023ರಲ್ಲಿ ಅಮೆರಿಕ ಅನುಮತಿ ಕೊಟ್ಟಿದೆ.

ಅರ್ಧ ಮಿಲಿಗ್ರಾಂ ಎಂಬುದನ್ನು ಗಮನಿಸಿ. ಅದೇ ಗಿಡದ ಗೆಡ್ಡೆಯನ್ನು ಗೆಣಸೆಂದು ತಪ್ಪು ತಿಳಿದು ತಿಂದವರು ಸತ್ತಿದ್ದಾರೆ. ಕೆಲಸ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಿರಿದು. ಹಾಗಾಗಿಯೇ ಅದನ್ನು ಪುಡಿ ಮಾಡಿ ಪೊಟ್ಟಣದಲ್ಲಿ ಮಾರುವುದಿಲ್ಲ, ತೂಗಿ ಮಾತ್ರೆ ಮಾಡುತ್ತಾರೆ. ದಾಸವಾಳ ಅವರು ಮೊದಲಿಗೆ ‘ಗಿಡಮೂಲಿಕೆಯಿಂದ ಕೆಡುಕಾಗುವುದಿಲ್ಲ’ ಎಂದು ಬರೆದಿದ್ದರು. ಆ ಮಾತನ್ನು ಓದಿದವರು ಈ ಹೂವನ್ನೂ ನೆನಪಿನಲ್ಲಿಟ್ಟುಕೊಳ್ಳಲಿ ಎಂದು ಬರೆದೆ.

ದಾಸವಾಳ

ಸರ್, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಹಿತ್ತಲಲ್ಲಿ ಆ ಬಳ್ಳಿ ಇದೆ, ಮಕ್ಕಳು ಆಡುತ್ತಾರೆ. ನಾಳೆ ಗೆಡ್ಡೆಸಮೇತ ತೆಗೆಸುತ್ತೇನೆ.

ಶಿರಸಿಯ ವೈದ್ಯೆ

ಶರಾವತಿ ತೀರ ಅವರೇ, ಆಯಿಯಿಂದ ಎಲ್ಲವನ್ನೂ ಕಿತ್ತುಕೊಳ್ಳಬೇಡಿ. ಸಾರಿನ ಅರಿಶಿನ, ಮೆಣಸಿನ ಒಗ್ಗರಣೆ, ಶುಂಠಿ, ದೊಡ್ಡಪತ್ರೆಯ ತಂಬುಳಿ ಇವೆಲ್ಲ ಊಟ, ಮುಂದುವರಿಯಲಿ. ಹಿತ್ತಲಲ್ಲಿ ಲಕ್ಕಿ ಗಿಡ ಇದ್ದರೆ ಸೊಪ್ಪನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಬಹುದು. ಆಕೆಯ ಕೈಗೆ ತಾನೇ ಮಾಡಿಕೊಳ್ಳುವ ಒಂದು ಆರೈಕೆ ಬೇಕು. ಕೀಲು ಕೆಂಪಾಗಿ ಬಿಸಿಯಾಗಿರುವ ದಿನ ಮಾತ್ರ ಶಾಖ ಬೇಡ. ಅಮೃತಬಳ್ಳಿಯ ಕಷಾಯ ಮಾಡಿಕೊಡಲು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ. ಕೋವಿಡ್ ಸಮಯದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ನಮ್ಮ ವೃತ್ತಿಯಲ್ಲೂ ಭಿನ್ನಾಭಿಪ್ರಾಯವಿದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ನಾನಂತೂ ಕೊಡುವುದಿಲ್ಲ.

ಶರಾವತಿ ತೀರ

ನಿನ್ನೆ ಆಯಿಯನ್ನು ಕರೆದುಕೊಂಡು ಹೋಗಿ ಬಂದೆ. ಕ್ಯಾಪ್ಸೂಲಿನ ಡಬ್ಬಿ, ಪುಡಿಯ ಪೊಟ್ಟಣ ಎರಡನ್ನೂ ವೈದ್ಯರ ಮೇಜಿನ ಮೇಲೆ ಇಟ್ಟೆವು. ಯಕೃತ್ತಿನ ಪರೀಕ್ಷೆಯಲ್ಲಿ ಒಂದು ಕಿಣ್ವ ಸ್ವಲ್ಪ ಮೇಲಿದೆ, ಎರಡು ವಾರದ ನಂತರ ಮತ್ತೆ ನೋಡುತ್ತಾರಂತೆ. ಥೈರಾಯ್ಡ್ ಪರೀಕ್ಷೆಗೂ ಕೊಟ್ಟಿದ್ದೇವೆ, ಫಲಿತಾಂಶ ಇನ್ನೂ ಬರಬೇಕು. ಹೊಟ್ಟೆ ತೊಳಸುವ ವಿಷಯವನ್ನು ಆಯಿ ಆರು ವರ್ಷದಲ್ಲಿ ಮೊದಲ ಬಾರಿಗೆ ವೈದ್ಯರ ಮುಂದೆ ಹೇಳಿದಳು. ಪರೀಕ್ಷೆ ಸರಿ ಬಂದರೆ ಮಾತ್ರೆಯ ಬದಲು ಚುಚ್ಚುಮದ್ದು ಕೊಡುತ್ತಾರೆ.

ದಾರಿಯಲ್ಲಿ ಗುಂಡ್ಲುಪೇಟೆಯ ಅಣ್ಣನ ಲೆಕ್ಕ ಹೇಳಿದೆ. ‘ಹನ್ನೊಂದು ಚಮಚವೇ?’ ಎಂದು ಮೂರು ಸಲ ಕೇಳಿದಳು. ಮನೆಗೆ ಬಂದವಳೇ ಡಬ್ಬಿಯನ್ನು ತಾನೇ ತೆಗೆದು ನನ್ನ ಚೀಲಕ್ಕೆ ಹಾಕಿದಳು. ಪುಡಿಯನ್ನು ಎಸೆಯಲು ಮನಸ್ಸಾಗದೆ ತೆಂಗಿನ ಬುಡಕ್ಕೆ ಸುರಿದಿದ್ದಾಳೆ. ಈಗ ಹಿತ್ತಲಲ್ಲಿ ಲಕ್ಕಿ ಸೊಪ್ಪು ಕೊಯ್ಯುತ್ತಿದ್ದಾಳೆ.